ಸಹಾಯ ಬೇಕು: ಮಲಗಿರುವ ನೀಲಿಪಟ್ಟೆ ಜೇನ್ನೊಣದ ಫೋಟೊ ತೆಗೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಸಿಡ್ನಿಯ ನಮ್ಮ ಹಿತ್ತಲಿಗೆ ಈ ಬೇಸಿಗೆಯಲ್ಲಿ ಆಸ್ಟ್ರೇಲಿಯಾದ್ದೇ ಆದ ನೀಲಿಪಟ್ಟೆ ಜೇನ್ನೊಣಗಳು ಬರುತ್ತಿವೆ. ಹೆಣ್ಣು ನೊಣಗಳು ಟೊಮೆಟೊ ಹೂವಿಗೆ ಸೆಕೆಂಡಿಗೆ ಸುಮಾರು 350 ಸಲ ತಲೆ ಕುಟ್ಟಿ ಪರಾಗ ಉದುರಿಸುತ್ತವೆ. ಮುಸ್ಸಂಜೆಗೆ ಏಳೆಂಟು ಗಂಡು ನೊಣಗಳು ಒಂದೇ ಒಣಕಡ್ಡಿಯನ್ನು ದವಡೆಯಲ್ಲಿ ಕಚ್ಚಿಕೊಂಡು ಸಾಲಾಗಿ ನಿದ್ದೆ ಹೋಗುತ್ತವೆ. ಅದೆಂಥ ಚೆಂದದ ನೋಟ!

ನನ್ನ ಬಳಿ 100 ಮಿ.ಮೀ. ಮ್ಯಾಕ್ರೊ ಲೆನ್ಸ್ ಇದೆ. ಫ್ಲ್ಯಾಶ್ ಹಾಕಿದರೆ ಪಟ್ಟೆಯ ನೀಲಿಯೆಲ್ಲ ಬೆಳ್ಳಗಾಗುತ್ತದೆ. ಹಾಕದಿದ್ದರೆ ಗಾಳಿಗೆ ಕಡ್ಡಿ ಅಲುಗಿ ಚಿತ್ರ ಮಸುಕಾಗುತ್ತದೆ. ಕಡ್ಡಿ ಮುರಿದು ಒಳಗೆ ತರಲು ನನಗೆ ಖಂಡಿತ ಮನಸ್ಸಿಲ್ಲ. ಫ್ಲ್ಯಾಶ್ ಬೆಳಕನ್ನು ಮೃದುವಾಗಿಸಲು ಏನು ಕಟ್ಟಬೇಕು? ಶಟರ್ ವೇಗ ಎಷ್ಟಿರಬೇಕು? ಇದೇ ಕುಲದ ನೊಣಗಳು ಕರ್ನಾಟಕದಲ್ಲೂ ಇವೆ. ಅವುಗಳ ಫೋಟೊ ತೆಗೆದವರು ದಯವಿಟ್ಟು ತಿಳಿಸಿ.