ಹಳೆಯ ತೂಗುಮಣೆಯನ್ನು ಕತ್ತರಿಸದೆ ಬೆಂಚು ಮಾಡಬಹುದೇ?

ತೊಟ್ಟಿಮನೆ ಕೇಳಿದ್ದು:

ಊರಿನ ಮನೆ ಬಿಚ್ಚಿದಾಗ ಉಳಿದ ತೂಗುಮಣೆ ಈಗ ಬೆಂಗಳೂರಿನ ಫ್ಲ್ಯಾಟಿಗೆ ಬಂದಿದೆ. ಉದ್ದ 66 ಇಂಚು, ಅಗಲ 24, ದಪ್ಪ ಒಂದೂವರೆ. ಒಂದೇ ಹಲಗೆ, ಜೋಡಣೆ ಇಲ್ಲ. ಹಿತ್ತಾಳೆ ಸರಪಳಿ ಆನೆ, ಗಿಳಿ ಕೊಂಡಿಗಳ ಸಮೇತ ಪೂರ್ತಿ ಇದೆ. ನಮ್ಮದು ಪೋಸ್ಟ್ ಟೆನ್ಷನ್ ಸ್ಲ್ಯಾಬ್, ಸೂರಿಗೆ ಕೊಕ್ಕೆ ಹಾಕುವಂತಿಲ್ಲ. ಊಟದ ಮೇಜು ಅಥವಾ ಬೆಂಚು ಮಾಡಿಸುವ ಯೋಚನೆ. ಬಡಗಿ ಹೇಳುವುದು: ಎರಡೂ ತುದಿ ಕತ್ತರಿಸಿ ತೂತುಗಳನ್ನು ತೆಗೆದುಬಿಡೋಣ, ಮೆಷಿನ್ನಿನಲ್ಲಿ ಕೀಸಿ ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಯೋಣ ಅಂತ. ಒಂದು ತುದಿಯಲ್ಲಿ 9 ಇಂಚಿನ ಸೀಳು, ತೂತುಗಳ ಸುತ್ತ ಕಪ್ಪು ಕಲೆ, ಕೆಳಮೈಯಲ್ಲಿ ಗುಂಡುಸೂಜಿ ತಲೆಯಷ್ಟು ರಂಧ್ರಗಳಿವೆ. ತೇಗವೋ ಬೀಟೆಯೋ ಅದೂ ಗೊತ್ತಿಲ್ಲ.

ಉಳಿ_ಕೊಡತಿ ಉತ್ತರ:

ಸೂರು ಕೊರೆಯದಿರುವುದೇ ಸರಿ. ಆ ಸ್ಲ್ಯಾಬಿನೊಳಗೆ ಎಳೆದು ಬಿಗಿದ ಉಕ್ಕಿನ ತಂತಿಗಳಿರುತ್ತವೆ, ಡ್ರಿಲ್ ತಗುಲಿದರೆ ಅಪಾಯ.

ಆದರೆ ದಯವಿಟ್ಟು ತುದಿ ಕತ್ತರಿಸಲು ಬಿಡಬೇಡಿ. ನಿಮಗೆ ಬೇಕಾಗಿರುವುದೇ ಆ ನಾಲ್ಕು ತೂತುಗಳು. ಮಣೆ ಇಷ್ಟು ಕಾಲ ಭಾರ ಹೊತ್ತದ್ದು ಅಲ್ಲೇ. ಹೊಸ ಕಾಲುಗಳ ಚೌಕಟ್ಟನ್ನೂ ಅಲ್ಲೇ ಬೋಲ್ಟ್ ಹಾಕಿ ಕೂರಿಸಿ. ಮರಕ್ಕೆ ಹೊಸದಾಗಿ ಒಂದು ಸ್ಕ್ರೂ ಕೂಡ ಬೇಡ. ಮುಂದೆ ತೊಲೆ ಇರುವ ಮನೆ ಸಿಕ್ಕರೆ ಮತ್ತೆ ತೂಗುಹಾಕಬಹುದು.

ಊಟದ ಮೇಜು ಬೇಡ. 24 ಇಂಚಿನಲ್ಲಿ ಎದುರುಬದುರು ಎರಡು ಬಾಳೆ ಎಲೆ ಹಾಕಿದರೆ ನಡುವೆ ಸಾರಿನ ಪಾತ್ರೆಗೆ ಜಾಗ ಇರುವುದಿಲ್ಲ, ಮೇಜಿಗೆ 30 ಇಂಚಾದರೂ ಬೇಕು. ಕಾಲು ಮಡಚಿ ಕೂರಲು ಮಾತ್ರ 24 ಹೇಳಿ ಮಾಡಿಸಿದ ಅಗಲ. ಹಾಗಾಗಿ ಬೆಂಚು, ಒಟ್ಟು ಎತ್ತರ 16 ಇಂಚು.

ಚೌಕಟ್ಟಿಗೆ 40×40 ಮಿ.ಮೀ. ಚೌಕ ಕಬ್ಬಿಣದ ಪೈಪ್, 2 ಮಿ.ಮೀ. ದಪ್ಪದ್ದು. ತೂತುಗಳ ನಡುವಿನ ಅಂತರ ಅಳೆಯಿರಿ. ಉದ್ದಕ್ಕೆ 58, ಅಡ್ಡಕ್ಕೆ 20 ಇಂಚು ಇದ್ದರೆ ಆಯತಕ್ಕೆ 13 ಅಡಿ, ನಾಲ್ಕು ಕಾಲಿಗೆ ನಾಲ್ಕೂವರೆ ಅಡಿ. 20 ಅಡಿಯ ಒಂದು ಪೈಪಿನಲ್ಲಿ ಮುಗಿಯುತ್ತದೆ. ತೂತುಗಳು ಕೈಕೆಲಸದವು, ನಾಲ್ಕೂ ಮೂಲೆ ಲಂಬಕೋನದಲ್ಲಿ ಇರುವುದಿಲ್ಲ. ಅಳತೆ ಬರೆದು ಕೊಟ್ಟರೆ ಕೆಲಸ ಕೆಡುತ್ತದೆ. ಮಣೆಯ ಮೇಲೆ ಹಾಳೆ ಹಾಸಿ ತೂತಿನ ಗುರುತು ತೆಗೆದು ಆ ಹಾಳೆಯನ್ನೇ ವೆಲ್ಡರಿಗೆ ಕೊಡಿ.

ಇನ್ನೊಂದು ಮಾತು ಮೊದಲೇ ಹೇಳಬೇಕು: ಕಾಲನ್ನು ಮೂಲೆಗೇ ಬೆಸೆಯಬಾರದು. ಬೋಲ್ಟು ನೇರ ಕಾಲಿನೊಳಗೆ ಇಳಿದು ನಟ್ ಬಿಗಿಯಲು ಜಾಗವೇ ಉಳಿಯುವುದಿಲ್ಲ. ಉದ್ದದ ಬದಿಯಲ್ಲಿ 3 ಇಂಚು ಒಳಗೆ ಬೆಸೆಸಿ.

ಹಳೆಯ ತೂತು ಸಾಮಾನ್ಯವಾಗಿ ಬೋಲ್ಟಿಗಿಂತ ಅಗಲ. 16 ಮಿ.ಮೀ. ಇದ್ದರೆ 10 ಮಿ.ಮೀ. ದಪ್ಪ, 100 ಮಿ.ಮೀ. ಉದ್ದದ ಗುಂಡುತಲೆ ಬೋಲ್ಟ್ ಹಾಕಿ. ಸುತ್ತ ಉಳಿಯುವ 3 ಮಿ.ಮೀ. ಸಡಿಲವನ್ನು ಯಾರೂ ತುಂಬಿಸಬಾರದು. ಮಳೆಗಾಲಕ್ಕೂ ಬೇಸಿಗೆಗೂ ಈ ಅಗಲದ ಹಲಗೆ ಮೂರು ಮಿ.ಮೀ. ಆಸುಪಾಸು ಹಿಗ್ಗಿ ಕುಗ್ಗುತ್ತದೆ, ಅದಕ್ಕೆ ಎಡೆ ಕೊಡದಿದ್ದರೆ ಸೀಳುತ್ತದೆ. ಮೇಲೆ ಅಗಲದ ಹಿತ್ತಾಳೆ ವಾಷರ್, ಮರಕ್ಕೂ ಪೈಪಿಗೂ ನಡುವೆ 3 ಮಿ.ಮೀ. ರಬ್ಬರ್ ವಾಷರ್, ಕೆಳಗೆ ನೈಲಾನ್ ಲಾಕ್ ನಟ್. ನಟ್ ಬಿಗಿದ ಮೇಲೆ ಅದನ್ನು ಕಾಲು ಭಾಗ ಸುತ್ತು ಹಿಂದಕ್ಕೆ ತಿರುಗಿಸಿ ಸಡಿಲಿಸಿ.

ಸೀಳಿಗೆ ಬೇಸಿಗೆಯಲ್ಲಿ ಎಪಾಕ್ಸಿ ತುಂಬಿಸುವುದು ಎಲ್ಲರೂ ಮಾಡುವ ತಪ್ಪು. ಮಳೆಗಾಲದಲ್ಲಿ ಮರ ಹಿಗ್ಗಿದಾಗ ಸೀಳು ಮುಚ್ಚಿಕೊಳ್ಳಲು ಜಾಗವಿರದೆ ಪಕ್ಕದಲ್ಲಿ ಹೊಸದು ಬಿಡುತ್ತದೆ. ಅದು ಬೆಳೆಯುತ್ತಿಲ್ಲವಾದರೆ ಮುಟ್ಟಬೇಡಿ. ಪೆನ್ಸಿಲಿನಲ್ಲಿ ಕೊನೆ ಗುರುತು ಹಾಕಿ ಎರಡು ತಿಂಗಳು ನೋಡಿ. ಬೆಳೆದರೆ ಮಾತ್ರ ಕೆಳಮೈಯಲ್ಲಿ ಚಿಟ್ಟೆಯಾಕಾರದ ಎರಡು ಬೆಣೆ, 12 ಮಿ.ಮೀ. ಆಳ. ಬೆಣೆಯ ನಾರು ಸೀಳಿಗೆ ಅಡ್ಡವಾಗಿರಬೇಕು, ಇಲ್ಲದಿದ್ದರೆ ಅದು ಸೊಂಟದಲ್ಲೇ ಮುರಿಯುತ್ತದೆ.

ಮರ ಯಾವುದೆಂದು ತಿಳಿಯಲು ತೂಕ ಹಾಕಿ. ನಿಮ್ಮ ಅಳತೆಗೆ ಸುಮಾರು 39 ಲೀಟರ್ ಮರ. ತೇಗವಾದರೆ 25 ಕಿಲೋ ಆಸುಪಾಸು, ಬೀಟೆಯಾದರೆ 33. ಹಲಸೂ ತೇಗದಷ್ಟೇ ತೂಗಬಹುದು, ಆದರೆ ಕೆಳಮೈಯನ್ನು ಚೂರು ಕೆರೆದರೆ ಹಳದಿ ಕಾಣುತ್ತದೆ. ಬೀಟೆಯಲ್ಲಿ ನೇರಳೆ ಛಾಯೆಯ ಕಪ್ಪು ಗೆರೆ.

ಅರಗು ಉತ್ತರ:

ಚೌಕಟ್ಟಿನ ಬಗ್ಗೆ ಸೇರಿಸಲು ಏನೂ ಇಲ್ಲ. ಪಾಲಿಶ್ ಬಗ್ಗೆ ಬರೆಯುತ್ತೇನೆ, ತೂಗುಮಣೆಗಳು ಹೆಚ್ಚಾಗಿ ಕೆಡುವುದು ಅಲ್ಲೇ.

ಮೆಷಿನ್ನಿಗೆ ಕೊಡಬೇಡಿ. ಮೂರು ನಾಲ್ಕು ಮಿ.ಮೀ. ಹೋಗುತ್ತದೆ, ಜೊತೆಗೆ ತಲೆಮಾರುಗಳ ಕೈ ಸವರಿ ಬಂದ ಬಣ್ಣವೂ ಹೋಗುತ್ತದೆ. ಅದು ಮತ್ತೆ ಬರುವುದಿಲ್ಲ. ಒಂದೇ ಮೈ ಕೀಸಿದರಂತೂ ಹಲಗೆ ದೋಣಿಯಂತೆ ಬಾಗುವ ಸಾಧ್ಯತೆ ಹೆಚ್ಚು.

ನೇರವಾಗಿ ಪಿಯು ಹೊಡೆದರೆ ನಿಲ್ಲುವುದು ಕಷ್ಟ. ಎಣ್ಣೆ ಹಚ್ಚಿದ ತಲೆ, ಅಭ್ಯಂಜನದ ಮೈ ಎಲ್ಲ ಆ ಮಣೆಯ ಮೇಲೆ ಒರಗಿರುತ್ತವೆ. ಎಣ್ಣೆ ಒಳಗಿಳಿದ ಜಾಗದಲ್ಲಿ ಪಿಯು ಹಿಡಿಯದೆ ಹಪ್ಪಳದಂತೆ ಏಳುತ್ತದೆ. ಟರ್ಪೆಂಟೈನ್ ಅದ್ದಿದ ಬಿಳಿ ಬಟ್ಟೆಯಿಂದ, ಬಟ್ಟೆಗೆ ಕೊಳೆ ಅಂಟುವುದು ನಿಲ್ಲುವವರೆಗೆ ಒರೆಸಿ. ಐದಾರು ಬಟ್ಟೆ ಬೇಕಾಗುತ್ತದೆ. ಆಮೇಲೆ 180, 240 ನಂಬರಿನ ಉಜ್ಜುಕಾಗದ, ನಾರಿನ ಗುಂಟ, ಕೈಯಲ್ಲೇ. ಮಾಸ್ಕ್ ಹಾಕಿ, ಬೀಟೆಯ ಧೂಳು ಕೆಲವರಿಗೆ ಚರ್ಮ, ಉಸಿರು ಎರಡಕ್ಕೂ ಆಗದು.

ಕಪ್ಪು ಕಲೆ ಕಬ್ಬಿಣ ಮತ್ತು ಮರದ ಒಗರು ಸೇರಿ ಆದದ್ದು, ಉಜ್ಜಿದರೆ ಹೋಗದು. 50 ಗ್ರಾಂ ಆಕ್ಸಾಲಿಕ್ ಆಮ್ಲ, 1 ಲೀಟರ್ ಬಿಸಿ ನೀರು. ಕೈಗವಸು ಹಾಕಿಯೇ ಹಚ್ಚಿ, ಅದು ವಿಷ. 20 ನಿಮಿಷ ಬಿಟ್ಟು ಮೂರು ಸಲ ನೀರಿನ ಬಟ್ಟೆಯಿಂದ ಒರೆಸಿ. ಕಲೆಗೆ ಮಾತ್ರ ಹಚ್ಚಿದರೆ ಅಲ್ಲಿ ಬಿಳಿಚಿಕೊಂಡ ವೃತ್ತ ಉಳಿಯುತ್ತದೆ, ಇಡೀ ಮೇಲ್ಮೈಗೆ ತೆಳುವಾಗಿ ಸವರಿ. ನೆರಳಲ್ಲಿ ಮೂರು ದಿನ ಒಣಗಲಿ. ಬಿಸಿಲಿಗೆ ಇಡಬೇಡಿ.

ರಂಧ್ರಗಳ ಕೆಳಗೆ ಕಪ್ಪು ಕಾಗದ ಹಾಸಿ ಎರಡು ವಾರ ಬಿಡಿ. ಹಿಟ್ಟಿನಂಥ ಪುಡಿ ಬಿದ್ದರೆ ಹುಳ ಜೀವಂತವಾಗಿದೆ. ಆಗ 60 ಗ್ರಾಂ ಬೋರಾಕ್ಸ್, 40 ಗ್ರಾಂ ಬೋರಿಕ್ ಆಸಿಡ್ ಅನ್ನು ಲೀಟರ್ ಬಿಸಿ ನೀರಿಗೆ ಹಾಕಿ ಕರಗಿಸಿ, ಸಿರಿಂಜಿನಲ್ಲಿ ರಂಧ್ರಕ್ಕೆ ಬಿಟ್ಟು ಬ್ರಷ್ಷಿನಲ್ಲಿ ಬರಿಮೈಗೂ ಹಚ್ಚಿ. ಪಾಲಿಶ್ ಮೇಲೆ ಹಚ್ಚಿದರೆ ಒಳಗೆ ಇಳಿಯದು, ಆದ್ದರಿಂದ ಈ ಕೆಲಸ ಪಾಲಿಶ್‌ಗೆ ಮೊದಲು.

ಕೊನೆಗೆ ಅರಗಿನ ಪಾಲಿಶ್: ಮೇಣ ತೆಗೆದ ಚಪಡಾ (ಅರಗಿನ ಚಕ್ಕೆ) 150 ಗ್ರಾಂ, ಸ್ಪಿರಿಟ್ 1 ಲೀಟರ್, ರಾತ್ರಿ ನೆನೆಸಿ ಬಟ್ಟೆಯಲ್ಲಿ ಸೋಸಿ. ನಾಲ್ಕು ಕೋಟು, ನಡುವೆ ಎರಡೆರಡು ಗಂಟೆ. ಮೇಲ್ಮೈಗೆ ಎಷ್ಟೋ ಕೆಳಮೈಗೂ ಅಷ್ಟೇ ಕೋಟು, ಇಲ್ಲದಿದ್ದರೆ ತೇವ ಒಂದು ಕಡೆಯಿಂದ ಮಾತ್ರ ಎಳೆದುಕೊಂಡು ಮಣೆ ಬಾಗುತ್ತದೆ. ಮಳೆ ಹಿಡಿದ ದಿನ ಹಚ್ಚಬೇಡಿ, ಬೆಳ್ಳಗೆ ಮಂಜು ಕಟ್ಟುತ್ತದೆ. ಬಿಸಿ ಕಾಫಿ ಲೋಟ ಇಟ್ಟರೆ ಬಳೆಯಂಥ ಗುರುತು ಬೀಳುವುದು ಇದರ ದೋಷ. ಆದರೆ ಸ್ಪಿರಿಟ್ಟಿನ ಬಟ್ಟೆ ಒಮ್ಮೆ ಸವರಿದರೆ ಸರಿಹೋಗುತ್ತದೆ. ಪಿಯುನಲ್ಲಿ ಆ ಸೌಕರ್ಯ ಇಲ್ಲ.

ಕಂಚುಗಾರ ಉತ್ತರ:

ಸರಪಳಿಯನ್ನು ಮಣೆಯಿಂದ ಬಿಚ್ಚಿಯೇ ತೊಳೆಯಿರಿ, ಹುಣಸೆ ರಸ ಮರಕ್ಕೆ ಇಳಿದರೆ ಹೊಸ ಕಲೆ. ಹತ್ತು ನಿಮಿಷಕ್ಕಿಂತ ಹೆಚ್ಚು ನೆನೆಸಬೇಡಿ. ಆಮ್ಲ ಸತುವನ್ನು ಎಳೆದು ಹಿತ್ತಾಳೆ ತಾಮ್ರದಂತೆ ಕೆಂಪಾಗುತ್ತದೆ. ಆನೆಯ ಸೊಂಡಿಲು, ಗಿಳಿಯ ಕೊಕ್ಕಿನ ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್. ಒಣಗಿದ ಮೇಲೆ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಬೇಡ, ಒಳಗೆ ಬೆವರಿ ಹಸಿರು ಹಿಡಿಯುತ್ತದೆ. ಯಾವ ಸರಪಳಿ ಯಾವ ಮೂಲೆಯದೆಂದು ಚೀಟಿ ಕಟ್ಟಿ, ನಾಲ್ಕರ ಉದ್ದವೂ ಒಂದೇ ಇರುವುದಿಲ್ಲ.

ತೊಟ್ಟಿಮನೆ:

ತೂಕ 32 ಕಿಲೋ, ಕೆರೆದಾಗ ನೇರಳೆ. ಹಾಗಾದರೆ ಬೀಟೆಯೇ. ಕತ್ತರಿಸುವುದಿಲ್ಲ. ಅಮೆರಿಕದಲ್ಲಿರುವ ತಮ್ಮ ಮುಂದೆ ತನಗೆ ಬೇಕೆನ್ನುತ್ತಾನೆ, ಕಳಿಸಬಹುದೇ?

ಉಳಿ_ಕೊಡತಿ:

ಮನೆಸಾಮಾನಿನ ಜೊತೆ ಸುಮ್ಮನೆ ಹಾಕಿ ಕಳಿಸಬೇಡಿ. ನಮ್ಮ ಬೀಟೆಯೂ ಸೇರಿ ಆ ಕುಲದ ಬಹುತೇಕ ಎಲ್ಲ ಮರಗಳೂ 2017ರ ಜನವರಿಯಿಂದ ಸೈಟೀಸ್ (ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ) ಒಪ್ಪಂದದ 2ನೇ ಅನುಬಂಧದಲ್ಲಿವೆ. ಸಿದ್ಧ ವಸ್ತುಗಳಿಗೆ ಇರುವ ವಿನಾಯಿತಿ ಒಂದು ಸಾಗಣೆಗೆ 10 ಕಿಲೋ ಮರದವರೆಗೆ ಮಾತ್ರ, ನಿಮ್ಮದು ಅದರ ಮೂರು ಪಟ್ಟು. ಕಾಗದಪತ್ರ ಮೊದಲು, ಪ್ಯಾಕಿಂಗ್ ಆಮೇಲೆ. ಹಾಗೆ ಹೋಗುವುದಾದರೂ ಹೀಟರ್ ಹಾಕುವ ಮನೆಯ ಒಣ ಗಾಳಿಗೆ ಆ ಸೀಳು ಖಂಡಿತ ಬೆಳೆಯುತ್ತದೆ, ಚಿಟ್ಟೆ ಬೆಣೆಗಳನ್ನು ಇಲ್ಲೇ ಹಾಕಿಸಿ ಕಳಿಸಿ.