‘ಅನ್‌ಲೈಕ್ಲಿ’ ಅಂದರೆ ‘ಅಸಂಭವ’ವೇ?

ಅನುವಾದಕಿ: ಹವಾಮಾನದ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ರೇನ್ ಈಸ್ ಅನ್‌ಲೈಕ್ಲಿ’ ಅಂತ ಇತ್ತು. ‘ಮಳೆ ಅಸಂಭವ’ ಎಂದು ಬರೆದೆ. ಓದಿದವರು ಮಳೆ ಬರುವುದೇ ಇಲ್ಲ ಅಂದುಕೊಂಡರು. ನಾನು ಬರೆದದ್ದು ತಪ್ಪಾ?

ನಿಘಂಟುಪ್ರಿಯ: ತಪ್ಪೇನಿಲ್ಲ. ಸಂಭವ ಇಲ್ಲದ್ದು ಅಸಂಭವ.

ಹಳೇ ಮೇಷ್ಟ್ರು: ಒಪ್ಪುವುದಿಲ್ಲ. ‘ಅಸಂಭವ’ ಅಂದರೆ ಜನಕ್ಕೆ ‘ಆಗುವುದೇ ಇಲ್ಲ’ ಅಂತಲೇ ಕೇಳುತ್ತದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ತನ್ನ ವರದಿಗಳಲ್ಲಿ ಈ ಪದಕ್ಕೆ ಅಳತೆಯನ್ನೇ ಇಟ್ಟುಕೊಂಡಿದೆ. ಬರೀ ‘ಅನ್‌ಲೈಕ್ಲಿ’ ಅಂದರೆ ಆಗುವ ಸಾಧ್ಯತೆ ಶೇ. 0ರಿಂದ 33. ಮುಂದೆ ‘ವೆರಿ’ ಸೇರಿದರೆ ಶೇ. 10ರವರೆಗೆ, ‘ಎಕ್ಸೆಪ್ಷನಲಿ’ ಸೇರಿದರೆ ಶೇ. 1ರವರೆಗೆ. ಶೇ. 30 ಅಂದರೆ ಹತ್ತರಲ್ಲಿ ಮೂರು ಸಲ ಆಗುವಂಥದ್ದು. ಅದನ್ನು ಅಸಂಭವ ಅನ್ನೋಕಾಗುತ್ತಾ?

ನಿಘಂಟುಪ್ರಿಯ: ಅದು ವಿಜ್ಞಾನಿಗಳ ಲೆಕ್ಕ ಮೇಷ್ಟ್ರೇ. ಮಾತಾಡುವಾಗ ಯಾರೂ ಶೇಕಡಾ ನೋಡುವುದಿಲ್ಲ. ‘ಹೈಲಿ ಅನ್‌ಲೈಕ್ಲಿ’ ಅನ್ನುವವರು ಎಷ್ಟೋ ಸಲ ‘ಇಲ್ಲ’ ಅನ್ನುವುದನ್ನೇ ಮೆತ್ತಗೆ ಹೇಳುತ್ತಿರುತ್ತಾರೆ.

ಹೊಸಬ: ನನಗೆ ಬೇರೆ ಗೊಂದಲ. ಕೊನೆಯಲ್ಲಿ ‘ಲಿ’ ಇದೆಯಲ್ಲ, ಇದು ಕ್ವಿಕ್ಲಿ, ಸ್ಲೋಲಿ ಥರ ಕ್ರಿಯಾವಿಶೇಷಣ ಅಲ್ವಾ? ‘ಹಿ ವಿಲ್ ಅನ್‌ಲೈಕ್ಲಿ ಕಮ್’ ಅಂತ ಬರೆದು ಬೈಸಿಕೊಂಡೆ.

ಹಳೇ ಮೇಷ್ಟ್ರು: ಇದು ಫ್ರೆಂಡ್ಲಿ, ಲೋನ್ಲಿ ಥರ ಗುಣವಾಚಕ ಕಣಪ್ಪಾ. ‘ಹಿ ಈಸ್ ಅನ್‌ಲೈಕ್ಲಿ ಟು ಕಮ್’ ಅನ್ನಬೇಕು.

ಮಾತುಗಾತಿ: ಅನುವಾದಕಿಯವರೇ, ಇದಕ್ಕೆ ಒಂದು ಪದ ಹುಡುಕಲೇಬೇಡಿ. ನಮ್ಮ ಕ್ರಿಯಾಪದದಲ್ಲೇ ಅದು ಕೂತಿದೆ: ‘ಮಳೆ ಬರಲಿಕ್ಕಿಲ್ಲ’. ‘ಬರುವುದಿಲ್ಲ’ ಅಂತ ಖಂಡಿತ ಹೇಳಿದ ಹಾಗಲ್ಲ. ಬಂದರೂ ಬಂದೀತು, ಆದರೆ ಬರುವ ಹಾಗೆ ಕಾಣುವುದಿಲ್ಲ. ಇಷ್ಟನ್ನೂ ಒಂದೇ ಮಾತು ಹೇಳಿಬಿಡುತ್ತದೆ. ಇಂಥದ್ದು ಕೈಯಲ್ಲಿದ್ದೂ ‘ಅಸಂಭವ’ದ ಹಿಂದೆ ಹೋಗುತ್ತೇವಲ್ಲ, ನನಗೆ ನಿಜವಾಗಿ ಬೇಜಾರಾಗುತ್ತದೆ.

ನಿಘಂಟುಪ್ರಿಯ: ಇದು ಚೆನ್ನಾಗಿದೆ, ಒಪ್ಪಿದೆ. ಆದರೆ ‘ಒಳಗೆ ಹೋಗಲಿಕ್ಕಿಲ್ಲ’ ಅಂದರೆ ಕೆಲವರು ‘ಹೋಗಬಾರದು’ ಅಂತ ತಿಳಿಯುತ್ತಾರೆ.

ಮಾತುಗಾತಿ: ನಿಜ. ಮನುಷ್ಯರ ವಿಷಯದಲ್ಲಿ ‘ಅವರು ಬರೋದು ಅನುಮಾನ’ ಅನ್ನಬಹುದು. ಮಳೆಗೆ ಆ ಗೊಂದಲ ಇಲ್ಲ.

ಹೊಸಬ: ‘ಅನ್‌ಲೈಕ್ಲಿ ಹೀರೊ’ಗೆ ಏನನ್ನುವುದು?

ಮಾತುಗಾತಿ: ಅಲ್ಲಿ ಆಗಲೇ ಹೀರೊ ಆಗಿಬಿಟ್ಟಿದ್ದಾನೆ! ಆಗುತ್ತಾನೆ ಅಂತ ಮೊದಲು ಯಾರಿಗೂ ಅನಿಸಿರಲಿಲ್ಲ, ಅಷ್ಟೇ. ‘ಯಾರೂ ಎಣಿಸದ ನಾಯಕ’ ಅನ್ನಿ.

ಅನುವಾದಕಿ: ‘ಮಳೆ ಬರಲಿಕ್ಕಿಲ್ಲ’ ಎಂದು ತಿದ್ದಿದೆ. ಅಂಕಿ ಕೊಟ್ಟಿರುವ ಕಡೆ ಮಾತ್ರ ‘ಸಂಭವ ಕಡಿಮೆ’ ಅಂತ ಬರೆದು ಪಕ್ಕದಲ್ಲೇ ಶೇಕಡಾ ಹಾಕುತ್ತೇನೆ.