ಅಪ್‌ಡೇಟ್: ಮೆಕ್ಕೆಜೋಳದ ಹಿಟ್ಟು ತಿಂದು ಮೆಲುಕು ಬಿಟ್ಟಿದ್ದ ಹಸುವಿನ ಈಗಿನ ಸ್ಥಿತಿ

ಕರು ಹಾಕಿದ ಮೇಲೆ ಹಾಲು ಹೆಚ್ಚಲೆಂದು ಮೆಕ್ಕೆಜೋಳದ ಹಿಟ್ಟನ್ನು ಹೆಚ್ಚಿಸಿದ ನಂತರ ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ಮೆಲುಕು ಹಾಕುವುದನ್ನು ಕಡಿಮೆ ಮಾಡಿ, ನೊರೆಗೂಡಿದ ತೆಳು ಸಗಣಿ ಹಾಕುತ್ತಿದೆ, ಹಾಲಿನ ಫ್ಯಾಟ್ ಕೂಡ ಇಳಿದಿದೆ ಎಂದು ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಹಸುವನ್ನು ಪರೀಕ್ಷಿಸಿದ ಪಶುವೈದ್ಯರು ಇದು ಹೊಟ್ಟೆಯ ಆಮ್ಲೀಯತೆಯೇ ಎಂದು ಖಚಿತಪಡಿಸಿದರು. ನುಣ್ಣಗೆ ಬೀಸಿದ ಹಿಟ್ಟಿನ ಪಿಷ್ಟವು ಹಸುವಿನ ನಾಲ್ಕು ಭಾಗಗಳ ಹೊಟ್ಟೆಯ ಮೊದಲ ಭಾಗದಲ್ಲಿ ಬಹುಬೇಗ ಹುದುಗಿ ಆಮ್ಲವಾಗುತ್ತದೆ. ಅದನ್ನು ತಣಿಸಬೇಕಾದ ಜೊಲ್ಲು ನಾರಿನ ಮೇವನ್ನು ಮೆಲುಕು ಹಾಕುವಾಗಲೇ ಹೇರಳವಾಗಿ ಬರುವುದರಿಂದ, ಹುಲ್ಲು ಕಡಿಮೆಯಾದಷ್ಟೂ ಪಿಎಚ್ (ಆಮ್ಲೀಯತೆಯ ಅಳತೆ; ಇದು ಇಳಿದಷ್ಟೂ ಆಮ್ಲ ಹೆಚ್ಚು) ಕುಸಿಯುತ್ತದೆ. ಅದು ದಿನಕ್ಕೆ ಹಲವು ಗಂಟೆ 5.6ಕ್ಕಿಂತ ಕೆಳಗೇ ಉಳಿದರೆ ಹೊಟ್ಟೆಯ ಒಳಪದರಕ್ಕೂ ಮುಂದೆ ಗೊರಸಿಗೂ ಹಾನಿಯಾಗುತ್ತದೆಂದು ಅವರು ವಿವರಿಸಿದರು.

ಅವರ ಸಲಹೆಯಂತೆ ಹಿಟ್ಟನ್ನು ತಗ್ಗಿಸಿ, ಉಳಿದದ್ದನ್ನು ನುಚ್ಚಿನ ರೂಪದಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಹಂಚಿ, ಪ್ರತಿ ಸಲವೂ ರಾಗಿ ಹುಲ್ಲು ತಿಂದ ಬಳಿಕವೇ ಕೊಡುತ್ತಿದ್ದೇವೆ. ಆಮ್ಲ ತಗ್ಗಿಸಲು ಅಡುಗೆ ಸೋಡಾವನ್ನು ಅವರು ಹೇಳಿದ ಪ್ರಮಾಣದಲ್ಲಿ ಬೂಸಾದೊಂದಿಗೆ ಬೆರೆಸುತ್ತೇವೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚು ಫಲ ಕೊಟ್ಟದ್ದು ಸೋಡಾ ಅಲ್ಲ, ಹುಲ್ಲು. ಮೊದಲು ಸರಿಹೋದದ್ದು ಮೆಲುಕು, ಆಮೇಲೆ ಸಗಣಿ. ಫ್ಯಾಟ್ ಮಾತ್ರ ನಿಧಾನವಾಗಿ ಏರುತ್ತಿದೆ.

ಹಸು ಮಲಗಿ ಏಳದಿದ್ದರೆ, ಮೇವು ಪೂರ್ತಿ ಬಿಟ್ಟರೆ, ಕಣ್ಣು ಗುಳಿಬಿದ್ದರೆ ಮನೆಮದ್ದಿಗೆ ಕಾಯದೆ ತಕ್ಷಣ ವೈದ್ಯರನ್ನು ಕರೆಸಿ. ಮುಂದೆ ಧಾನ್ಯ ಹೆಚ್ಚಿಸಬೇಕಾದಾಗ ಎರಡು ಮೂರು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿಯೇ ಹೆಚ್ಚಿಸುತ್ತೇವೆ.